ಮಾರ್ಚ್‌ನಲ್ಲಿ ಬರೆಸಿದ ಮಣ್ಣಿನ ವರದಿ

"ಗದ್ದೆಗೆ ಮಣ್ಣು ಹೊಡೆಸಿ ಎರಡು ಮಳೆಗಾಲ ಕಳೀತು ಸಾರ್, ಚೆನ್ನಾಗಿ ಕೂತಿದೆ." ಕೊಡಗಿನಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಹೇಳುವುದೇ ಇದು. ಕೂತಿರುವುದು ಬರೆ (ಗುಡ್ಡದ ಇಳಿಜಾರು) ಅಗೆದು ತಂದು ಸುರಿದ ಕೆಂಪು ಮಣ್ಣು. ಅದರಡಿ ತೋಡು (ಹಳ್ಳ) ತಂದು ಹಾಕಿದ ಮರಳು, ಗೋಡು (ನುಣ್ಣನೆಯ ಹೂಳು) ಹೇಗಿತ್ತೋ ಹಾಗೇ ಸಡಿಲವಾಗಿದೆ. ಭೂಕಂಪವಾದರೆ ಅಪಾಯ ಅಲ್ಲೇ.

ನೀರು ತುಂಬಿದ ಸಡಿಲ ಮರಳನ್ನು ಭೂಕಂಪ ಕುಲುಕಿದರೆ ಕಣಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ಆಗುವುದಿಲ್ಲ. ಭಾರವೆಲ್ಲ ನೀರಿನ ಮೇಲೆ ಬಿದ್ದು ನೆಲ ಅಂಬಲಿಯಾಗುತ್ತದೆ. 1964ರ ಭೂಕಂಪದಲ್ಲಿ ಜಪಾನಿನ ನೀಗಾಟಾದಲ್ಲಿ ನಾಲ್ಕಂತಸ್ತಿನ ವಸತಿ ಕಟ್ಟಡಗಳು ಹೆಚ್ಚು ಒಡೆಯದೆ, ಇಡಿಯಾಗಿ ವಾಲಿದವು, ಒಂದಂತೂ ಮಲಗಿಯೇಬಿಟ್ಟಿತು. ಕಾಂಕ್ರೀಟು ಗಟ್ಟಿಯಿತ್ತು, ಕೆಳಗಿದ್ದದ್ದು ಹಳೆಯ ನದೀಪಾತ್ರ. 2011ರ ಭೂಕಂಪದಲ್ಲಿ ಟೋಕಿಯೊ ಪಕ್ಕದ ಉರಾಯಾಸುವಿನ, ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ನೆಲದಲ್ಲಿ ರಸ್ತೆ, ಮನೆ, ಚರಂಡಿ ಹಾಳಾದವು. ಅದೇ ಊರಿನಲ್ಲಿ ಮೊದಲೇ ಮರಳಿನ ಕಂಬ ಇಳಿಸಿ ನೆಲ ಬಿಗಿ ಮಾಡಿದ್ದ ಕಡೆ ಹಾನಿ ತೀರಾ ಕಡಿಮೆ.

2022ರಲ್ಲಿ ಚೆಂಬು, ಸಂಪಾಜೆ ಕಡೆ ಆದಂಥ ಸಣ್ಣ ಕಂಪನಕ್ಕೆ ನೆಲ ಹೀಗೆ ಕರಗುವುದಿಲ್ಲ, ಗಾಬರಿ ಬೇಡ. ಜಿಗುಟು ಮಣ್ಣಿದ್ದರೆ ಈ ಅಪಾಯ ಇನ್ನೂ ಕಡಿಮೆ; ಆದರೆ ಮನೆ ಒಂದು ಕಡೆಗೆ ಇಳಿಯುವ ಕಾಟ ತಪ್ಪದು.

ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ನೀರಿನ ಮಟ್ಟ. ಮಣ್ಣು ಪರೀಕ್ಷೆಗೆ ಬೋರ್ ಹಾಕಿಸುವುದು ಮಾರ್ಚ್‌ನಲ್ಲಿ, ಲಾರಿ ಒಳಗೆ ಬರುತ್ತದೆಂದು. ಆಗ ನೀರು 3 ಮೀಟರ್ ಕೆಳಗೆ. ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ಎಂದಿಟ್ಟುಕೊಳ್ಳಿ: 3 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಕಣಗಳನ್ನು 5.4 ಟನ್ ಭಾರ ಒತ್ತಿ ಹಿಡಿದಿರುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳು) ನೀರು ನೆಲಮಟ್ಟಕ್ಕೆ ಬಂತೆನ್ನಿ, ಅದರಲ್ಲಿ 3 ಟನ್ ನೀರೇ ಹೊತ್ತುಕೊಳ್ಳುತ್ತದೆ. ಕಣಗಳ ಹಿಡಿತಕ್ಕೆ ಉಳಿಯುವುದು 2.4, ಅಂದರೆ ಅರ್ಧಕ್ಕೂ ಕಡಿಮೆ. ಮಣ್ಣು ಅದೇ, ವರದಿ ಅದೇ, ನೆಲ ಮಾತ್ರ ಬೇರೆ. ಹಾಗಾಗಿ ಲೆಕ್ಕವನ್ನು ಮಳೆಗಾಲದ ನೀರಿನ ಮಟ್ಟಕ್ಕೇ ಮಾಡಿಸಿ. ಆ ಮಟ್ಟ ಎಷ್ಟೆಂದು ಪಕ್ಕದ ಬಾವಿ ಹೇಳುತ್ತದೆ.

"ಬೇರಿಂಗ್ (ನೆಲ ಹೊರಬಲ್ಲ ಭಾರ) ಎಷ್ಟು ಬಂತು?" ಎಂದಷ್ಟೇ ಕೇಳಿ ವರದಿ ಮಡಚಿಡಬೇಡಿ. 63.5 ಕೆ.ಜಿ. ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬಿದ್ದು, ಕೊಳವೆಯನ್ನು 45 ಸೆಂ.ಮೀ. ಇಳಿಸುವಾಗ ಕೊನೆಯ 30ಕ್ಕೆ ಎಷ್ಟು ಏಟು ಬೇಕಾಯಿತು ಎಂಬುದು ಪ್ರತಿ ಆಳಕ್ಕೂ ಇರಬೇಕು. ಜೊತೆಗೆ ಮರಳೆಷ್ಟು, ನುಣ್ಣನೆಯದೆಷ್ಟು, ಜಿಗುಟೆಷ್ಟು ಎಂಬುದೂ ಬೇಕು.

ಹೊಸದಾಗಿ ತುಂಬುವುದಾದರೆ ಕೆಸರು ತೆಗೆದು, 20–25 ಸೆಂ.ಮೀ. ಪದರ ಪದರವಾಗಿ, ಹದವಾದ ತೇವದಲ್ಲಿ ರೋಲರ್ ಹೊಡೆಸಿ. ಜೆಸಿಬಿ ಮೇಲೆ ಓಡಾಡಿದರೆ ಬಿಗಿಯಾಗುವುದಿಲ್ಲ. ತೋಡು ಮುಚ್ಚಬೇಡಿ. ಅಡಿಪಾಯ ಬಿಡಿ ಬಿಡಿಯಾಗಿರದೆ ಬೀಮಿನಿಂದ ಒಂದಕ್ಕೊಂದು ಕಟ್ಟಿಕೊಂಡಿರಲಿ. ರಾಫ್ಟ್ (ಮನೆಯಡಿ ಇಡಿಯಾಗಿ ಹಾಸುವ ಕಾಂಕ್ರೀಟು) ಸಾಕೋ, ಪೈಲ್ (ಆಳಕ್ಕೆ ಇಳಿಸುವ ಕಂಬ) ಬೇಕೋ ಎಂಬುದನ್ನು ವರದಿ ನೋಡದೆ ಯಾರೂ ಹೇಳಲಾಗದು.

ಸೆಪ್ಟಿಕ್ ಟ್ಯಾಂಕ್ ಮರೆಯಬೇಡಿ. ನೀಗಾಟಾದಲ್ಲಿ ಹೂತಿದ್ದ ಟ್ಯಾಂಕುಗಳು ನೆಲದಿಂದ ಮೇಲೆದ್ದು ಬಂದಿದ್ದವು. ನಮ್ಮ ಗದ್ದೆಯಲ್ಲಿ ಅದಕ್ಕೆ ಕಂಪನವೂ ಬೇಡ. ಪೂರ್ತಿ ಮುಳುಗಿದ 5,000 ಲೀಟರಿನ ಖಾಲಿ ಟ್ಯಾಂಕನ್ನು ನೀರು ಹೆಚ್ಚುಕಡಿಮೆ 5 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ತಳಕ್ಕೆ ಕಾಂಕ್ರೀಟು ಹಾಸಿ ಬಿಗಿದು ಕಟ್ಟಿ, ಮಳೆಗಾಲದಲ್ಲಿ ಖಾಲಿ ಮಾಡಿಸಬೇಡಿ.