ನೀಲಿ ಮಾತ್ರೆಯಿಂದ ಜೀವಶಾಸ್ತ್ರದ ಪಾಠ

ವಿಜಯಪುರ ಜಿಲ್ಲೆಯ ಸರ್ಕಾರಿ ಹೈಸ್ಕೂಲು ಮಕ್ಕಳಿಗೂ ರಕ್ತಹೀನತೆ ತಡೆಯಲು ವಾರಕ್ಕೊಮ್ಮೆ ನೀಲಿ ಮಾತ್ರೆ ನುಂಗಿಸುವ ಯೋಜನೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಅದೇ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು, ಕಬ್ಬಿಣಾಂಶದಿಂದಲೇ ಆಗಿ ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್‌ನ ಪಾಠ ಮಾಡುತ್ತಾರೆ. ಮಾತ್ರೆಗೂ ಪಾಠಕ್ಕೂ ನಂಟು ಹಾಕುವುದು ಇಷ್ಟು ಕಷ್ಟವಾಗಬೇಕಿಲ್ಲ, ಅಲ್ವಾ?

ಕಾಯಿಲೆಯಿಂದ ಪಾಠ ಶುರು ಮಾಡುವುದು ಹೊಸ ಯೋಚನೆಯಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೆಡಿಕಲ್ ವಿದ್ಯಾರ್ಥಿಗಳಿಗೆ 1969ರಿಂದಲೇ ಮೊದಲು ರೋಗಿಯ ತೊಂದರೆ ಕೊಟ್ಟು, ಅದನ್ನು ಬಿಡಿಸುತ್ತಾ ಶಾಸ್ತ್ರ ಕಲಿಸಿದರು. ನಮ್ಮ ಶಾಲೆಗಳಿಗೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದನ್ನೇ ಬೇರೆ ಮಾತಲ್ಲಿ ಹೇಳಿತು: ಕಲಿತದ್ದು ಶಾಲೆಯ ಹೊರಗಿನ ಬದುಕಿಗೆ ಸೇರಬೇಕು, ಬಾಯಿಪಾಠ ಬಿಡಬೇಕು. ಆದರೆ ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆಗೆ ಅಂಕ ಸುಲಭವಾಗಿ ಸಿಗುವಾಗ ಮೇಷ್ಟ್ರಿಗೆ ಬೇರೆ ದಾರಿ ಹಿಡಿಯಲು ಪುರುಸೊತ್ತು ಎಲ್ಲಿಂದ ಬರಬೇಕು?

ಇಂಥ ತಿಳಿವಳಿಕೆಗೆ ಎಷ್ಟು ಬಲವಿದೆ ಅನ್ನುವುದಕ್ಕೆ ನಾರಿನಂಥ ಹುಳುವಿನಿಂದ ಬರುವ ನಾರು ಹುಣ್ಣು ಸಾಕ್ಷಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡಿದ ಈ ರೋಗಕ್ಕೆ ಲಸಿಕೆ ಇರಲಿಲ್ಲ. ಹುಳುವಿನ ಮರಿಗಳು ಮೆಟ್ಟಿಲುಬಾವಿಯ ನೀರಿನಲ್ಲಿರುವ ಸಣ್ಣ ಜೀವಿಯೊಳಗೆ ಬೆಳೆಯುತ್ತವೆ ಎಂದು ಗೊತ್ತಿತ್ತು. ಹಾಗಾಗಿ ನೀರನ್ನು ಬಟ್ಟೆಯಲ್ಲಿ ಸೋಸಿದರು, ಹುಣ್ಣಾದವರು ಬಾವಿಗೆ ಇಳಿಯದಂತೆ ತಡೆದರು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಇವತ್ತು ನಮ್ಮ ಮುಂದಿರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ಈ ತೊಂದರೆ ಇದೆ. ಇದೊಂದನ್ನೇ ಹಿಡಿದು ಅರ್ಧ ಪುಸ್ತಕ ಮುಗಿಸಬಹುದು. ಜೋಳದ ರೊಟ್ಟಿಯಲ್ಲಿ ಕಬ್ಬಿಣಾಂಶವಿದೆ, ಆದರೆ ಜೋಳದಲ್ಲೇ ಇರುವ ಫೈಟೇಟ್ ಎಂಬ ರಾಸಾಯನಿಕ ಅದನ್ನು ಹಿಡಿದಿಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕರುಳು ಹೀರಿಕೊಳ್ಳುವುದು ಇನ್ನೂ ಕಡಿಮೆ. ಪಲ್ಯಕ್ಕೆ ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆಹಣ್ಣು ಹಿಂಡಿದರೆ ಸಿ ಜೀವಸತ್ವ ಸೇರಿ ಜಾಸ್ತಿ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಇಷ್ಟರಲ್ಲಿ ಜೀರ್ಣಕ್ರಿಯೆಯ ಪಾಠ ಆಯಿತು. ಬರಿಗಾಲಿನಿಂದ ಮೈ ಸೇರಿ ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಪರಾವಲಂಬಿಗಳ ಪಾಠ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಯಾಕೆಂದು ಆಗ ಗೊತ್ತಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಯಾಕೆ ಎಂದು ಕೇಳಿದರೆ ಉಸಿರಾಟ, ಜೀವಕೋಶ, ಆಮ್ಲಜನಕ ಎಲ್ಲವೂ ಬರುತ್ತವೆ. ಮುಟ್ಟಿನ ಮಾತನ್ನೂ ಮುಜುಗರವಿಲ್ಲದೆ ಆಡಬಹುದು.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ತರಗತಿಯಲ್ಲಿ ಯಾರಿಗೆ ರಕ್ತ ಕಡಿಮೆ ಎಂದು ಕೈ ಎತ್ತಿಸಬಾರದು. ಹೆಸರು ಬದಲಿಸಿದ ಒಂದು ಕಥೆ ಸಾಕು. ರಕ್ತಪರೀಕ್ಷೆಯ ಫಲಿತಾಂಶ ಆ ಮಗುವಿಗೆ, ಮನೆಯವರಿಗೆ ಮಾತ್ರ ತಿಳಿಯಬೇಕು.