ಯಾದಗಿರಿಗಿಂತ ತುಸು ಜಾಸ್ತಿ ಜನ, ಹದಿನಾರು ಪಟ್ಟು ನೆಲ: ಅರುಣಾಚಲಕ್ಕೆ ಅಷ್ಟು ಪಾಲು ಏಕೆ?

ತೆರಿಗೆ ಪಾಲಿನ ಮಾತು ಬಂದರೆ ಕಲಬುರಗಿಯಲ್ಲೂ ಅರುಣಾಚಲ ಪ್ರದೇಶದ ಹೆಸರು ಬರುತ್ತದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಸಿಗುವ ಮೊತ್ತವನ್ನು ಯಾರಿಗೆಷ್ಟು ಎಂದು ಹಂಚುವ ಹಣಕಾಸು ಆಯೋಗಗಳಲ್ಲಿ 15ನೆಯದು 2021–26ರ ಅವಧಿಗೆ ಕರ್ನಾಟಕಕ್ಕೆ ಶೇ 3.647, ಅರುಣಾಚಲಕ್ಕೆ ಶೇ 1.757 ಪಾಲು ಕೊಟ್ಟಿತು. 2011ರ ಜನಗಣತಿಯಲ್ಲಿ ಆ ಇಡೀ ರಾಜ್ಯದ ಜನಸಂಖ್ಯೆ 13.83 ಲಕ್ಷ. ನಮ್ಮ ಯಾದಗಿರಿ ಜಿಲ್ಲೆಯದ್ದೇ 11.74 ಲಕ್ಷ. ಸಿಟ್ಟು ಬರುವುದು ಸಹಜ. ಆದರೆ ಆ ರಾಜ್ಯದ ಕಥೆ ಗೊತ್ತಿರಬೇಕು.

ಅರುಣಾಚಲದ ವಿಸ್ತೀರ್ಣ 83,743 ಚದರ ಕಿ.ಮೀ. ಒಂದು ಚದರ ಕಿಲೋಮೀಟರಿಗೆ 17 ಜನ. ಕಾಮೆಂಗ್, ಸುಬಾನ್ಸಿರಿ, ಸಿಯಾಂಗ್, ಲೋಹಿತ್ ನದಿಗಳು ಬೆಟ್ಟಗಳನ್ನು ಸೀಳಿಕೊಂಡು ಇಳಿಯುತ್ತವೆ. ಬಹುಕಾಲ ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಲು ಅಸ್ಸಾಂ ಬಯಲಿಗೆ ಇಳಿದು ಮತ್ತೆ ಹತ್ತಬೇಕಿತ್ತು. ನಮ್ಮದು ಫರ್ಸಿ ಕಲ್ಲು ಹಾಸಿದಂಥ ಸಪಾಟು ಸೀಮೆ. ಅರುಣಾಚಲದಲ್ಲಿ ನೂರಿನ್ನೂರು ಜನರ ಊರಿಗೂ ರಸ್ತೆ, ಶಾಲೆ, ದವಾಖಾನೆ ಬೇಕಲ್ವಾ?

1873ರಲ್ಲಿ ಬ್ರಿಟಿಷರು ಒಳಗೆರೆ (ಇನ್ನರ್ ಲೈನ್) ಎಳೆದು, ಅನುಮತಿ ಇಲ್ಲದೆ ಹೊರಗಿನವರು ಒಳಗೆ ಹೋಗದಂತೆ ಮಾಡಿದರು. ಆ ನಿಯಮ ಇಂದಿಗೂ ಇದೆ. 1962ರ ಚೀನಾ ಯುದ್ಧದ ನಂತರ ರಸ್ತೆಗಳು ಮುಖ್ಯವಾಗಿ ಸೇನೆಗಾಗಿ ಬಂದವು. 1972ರಲ್ಲಿ ಕೇಂದ್ರಾಡಳಿತ ಪ್ರದೇಶ, 1987ರಲ್ಲಿ ರಾಜ್ಯ.

ಸ್ವಂತ ಆದಾಯಕ್ಕೆ ಅವರ ಬಳಿ ಇದ್ದದ್ದು ಮರ. ನಾಮ್ಸಾಯ್ ಕಡೆ ಪ್ಲೈವುಡ್ ಕಾರ್ಖಾನೆಗಳಿದ್ದವು. ಸರ್ಕಾರಕ್ಕೆ ರಾಯಧನ, ಜನಕ್ಕೆ ಕೂಲಿ ಅದರಿಂದಲೇ. ಕಾಡು ಬರಿದಾಗುವುದನ್ನು ಕಂಡು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಗೋದಾವರ್ಮನ್ ಪ್ರಕರಣದಲ್ಲಿ, ಈಶಾನ್ಯದಿಂದ ಮರ ಹೊರಗೆ ಸಾಗಿಸುವುದನ್ನು ತಡೆಯಿತು. ಆದೇಶ ಸರಿಯಾದದ್ದೇ. ಇವತ್ತು ಅಲ್ಲಿನ ನೆಲದ ಸುಮಾರು ಶೇ 79ರಷ್ಟು ಕಾಡು. ಆದರೆ ಕಾರ್ಖಾನೆಗಳು ಮುಚ್ಚಿದವು, ಕೂಲಿ ಹೋಯಿತು, ಬೊಕ್ಕಸವೂ ಸೊರಗಿತು. ದೇಶಕ್ಕಾಗಿ ಕಾಡು ಉಳಿಸಿದವರಿಗೆ ದೇಶ ಏನಾದರೂ ಕೊಡಬೇಕು. ಪಾಲು ಹಂಚುವ ಸೂತ್ರದಲ್ಲಿ 15ನೇ ಹಣಕಾಸು ಆಯೋಗ ಕಾಡಿಗೆ 100ರಲ್ಲಿ 10, ವಿಸ್ತೀರ್ಣಕ್ಕೆ 15 ಅಂಕ ಇಟ್ಟಿತ್ತು. ಜನಸಂಖ್ಯೆಗೂ 15 ಮಾತ್ರ.

ಮರ ಹೋದ ಮೇಲೆ ನೀರಿನ ಮೇಲೆ ಕಣ್ಣು ಬಿತ್ತು. 2,000 ಮೆಗಾವಾಟ್‌ನ ಕೆಳ ಸುಬಾನ್ಸಿರಿ ಜಲವಿದ್ಯುತ್ ಯೋಜನೆಯ ಕೆಲಸ 2005ರಲ್ಲಿ ಶುರುವಾಯಿತು. ಅಣೆಕಟ್ಟಿನ ಕೆಳಗಿರುವ ಅಸ್ಸಾಮಿನ ಜನ ಹೆದರಿ ಹೋರಾಡಿದರು. 2011ರ ಕೊನೆಯಲ್ಲಿ ನಿಂತ ಕೆಲಸ ಮತ್ತೆ ಶುರುವಾಗಿದ್ದು 2019ರಲ್ಲಿ. ಜೀರೋ ಕಣಿವೆಯ ಕಿವಿ ಹಣ್ಣು ಚೆನ್ನಾಗಿದೆ, ಆದರೆ ಅದೊಂದರಿಂದ ರಾಜ್ಯ ನಡೆಯದು.

ಹಾಗಾದರೆ ಕರ್ನಾಟಕದ ಪಾಲು 14ನೇ ಆಯೋಗ ಕೊಟ್ಟ ಶೇ 4.713ರಿಂದ 3.647ಕ್ಕೆ ಇಳಿದದ್ದು ಏಕೆ? 15ನೇ ಆಯೋಗದ ಸೂತ್ರದಲ್ಲಿ ಅತಿ ಹೆಚ್ಚು, ಅಂದರೆ 45 ಅಂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ. ಆದಾಯ ಜಾಸ್ತಿ ಇದ್ದರೆ ಪಾಲು ಕಡಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ಇಡೀ ರಾಜ್ಯದ ಸರಾಸರಿ. ಬೆಂಗಳೂರಿನ ಗಳಿಕೆ ಆ ಸರಾಸರಿಯನ್ನು ಮೇಲಕ್ಕೆತ್ತುತ್ತದೆ. ತಲಾ ಆದಾಯದಲ್ಲಿ ರಾಜ್ಯದ ತೀರಾ ಕೆಳಗಿನ ಸಾಲಿನಲ್ಲಿರುವ ಕಲಬುರಗಿ, ಯಾದಗಿರಿ ಅದರೊಳಗೆ ಮುಚ್ಚಿಹೋಗುತ್ತವೆ. ನಮ್ಮ ಹಿಂದುಳಿದಿರುವಿಕೆಯನ್ನು ಒಪ್ಪಿಯೇ 2012ರಲ್ಲಿ ಸಂಸತ್ತು, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯನ್ನು ಸಂವಿಧಾನಕ್ಕೆ ಸೇರಿಸಲು ಒಪ್ಪಿತು. ತೆರಿಗೆ ಹಂಚುವ ಸೂತ್ರದಲ್ಲಿ ಮಾತ್ರ ಜಿಲ್ಲೆಗಳಿಗೆ ಇನ್ನೂ ಜಾಗ ಸಿಕ್ಕಿಲ್ಲ.