ಸೊರಗಿದ ಬೋನ್ಸಾಯ್‌ಗೂ ಒಂದು ಬಸಿಗಾಲುವೆ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ನರ್ಸರಿಗೆ ಸಸಿ ಕೊಳ್ಳಲು ಬರುವವರು ಕಡಿಮೆ. ಸೊರಗಿದ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವವರೇ ಜಾಸ್ತಿ. ಹೋದ ವರ್ಷ ಜುಲೈನಲ್ಲಿ ಚಿಕ್ಕಮಗಳೂರಿನವರೇ ಒಬ್ಬ ಅಕ್ಕ ಬಂದಿದ್ದರು. ಮಗಳು ಕೊಟ್ಟ ಫೈಕಸ್ ಬೋನ್ಸಾಯ್, ಅಂದರೆ ತಟ್ಟೆಯಂಥ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಆಲದ ಜಾತಿಯ ಮರ. ಆಟೋದಲ್ಲಿ ಬರುವಷ್ಟರಲ್ಲಿ ಇನ್ನೂ ನಾಲ್ಕು ಎಲೆ ಉದುರಿದ್ದವು. "ಏನಾದ್ರೂ ಟಾನಿಕ್ ಇದ್ರೆ ಕೊಡಿ ಸರ್" ಅಂದರು. ಎಲೆ ಹಳದಿಯಾದಾಗ ದಿನಕ್ಕೆರಡು ಹೊತ್ತು ನೀರು ಹಾಕಿದ್ದಾರೆ. ಆಮೇಲೆ ಗೊಬ್ಬರ. ಆಮೇಲೆ ಕೊಂಬೆ ಕತ್ತರಿಸಿದ್ದಾರೆ. ಎಲ್ಲವೂ ಹದಿನೈದು ದಿನದೊಳಗೆ.

ಪ್ರೀತಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಆದರೆ ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ಗಿಡಗಳಲ್ಲಿ ರೋಗಕ್ಕಿಂತ ಉಪಚಾರದಿಂದ ಹೋದವೇ ಹೆಚ್ಚು. ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವುದು: ಕತ್ತರಿ, ಗೊಬ್ಬರ ಎರಡನ್ನೂ ಎತ್ತಿಡಿ. ಮೊದಲು ನೋಡಿ.

ಜೀವ ಇದೆಯಾ ಅಂತ ನೋಡಲು ಒಂದು ತೆಳು ಕೊಂಬೆಯ ತೊಗಟೆಯನ್ನು ಉಗುರಿನಿಂದ ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಆ ಭಾಗ ಹೋಗಿದೆ; ಸ್ವಲ್ಪ ಕೆಳಗೆ, ಕಾಂಡದ ಕಡೆಗೆ ನೋಡುತ್ತಾ ಬನ್ನಿ. ಆಲ, ಗೋಣಿ, ಬಸರಿಯಂಥ ಫೈಕಸ್ ಜಾತಿಯಾದರೆ ಕೆರೆದಲ್ಲಿ ಹಾಲು ಜಿನುಗುತ್ತದೆ. ಜೂನಿಪರ್ ಎಂಬ ಸೂಜಿಯೆಲೆ ಮರ ಮಾತ್ರ ಮೋಸ ಮಾಡುತ್ತದೆ. ಬೇರು ಸತ್ತು ವಾರಗಳಾದರೂ ಅದರ ಎಲೆ ಹಸಿರಾಗಿಯೇ ಇರುತ್ತದೆ. ಅದು ಮನೆಯೊಳಗೆ ಬಾಳುವ ಗಿಡವೂ ಅಲ್ಲ. ಟಿ.ವಿ. ಪಕ್ಕ ಇಟ್ಟಿದ್ದ ಜೂನಿಪರ್ ತಂದವರಿಗೆ ಇದನ್ನು ನೇರವಾಗಿ ಹೇಳುತ್ತೇನೆ. ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಮರಗಳು ಆಕಾಶದ ಕೆಳಗೇ ಇವೆ. ಕುಂಡ ಚಿಕ್ಕದಾದ ಮಾತ್ರಕ್ಕೆ ಮರ ಮನೆಯೊಳಗಿನ ಅಲಂಕಾರ ಆಗುವುದಿಲ್ಲ, ಅಲ್ವಾ?

ಇನ್ನು ನೀರು. ನಮ್ಮ ಕಡೆ ಮುಕ್ಕಾಲು ಕಥೆ ಇದೇ.

ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಡದೆ ಮಳೆ ಹೊಡೆದು ಬುಡದಲ್ಲಿ ಶೀತ ಜಾಸ್ತಿಯಾದರೆ ಕಾಫಿ ಗಿಡ ಎಲೆ, ಕಾಯಿ ಎರಡನ್ನೂ ಉದುರಿಸುತ್ತದೆ. ಇಲ್ಲೂ ಅಷ್ಟೇ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೊಳೆಯುತ್ತದೆ, ನೀರು ಮೇಲಕ್ಕೇರುವುದು ನಿಲ್ಲುತ್ತದೆ. ಬುಡ ಒದ್ದೆ, ಎಲೆ ಬಾಡು. ಬಾಡಿದ್ದು ನೋಡಿ ನಾವು ಮತ್ತೆ ನೀರು ಹಾಕುತ್ತೇವೆ.

ಬೋನ್ಸಾಯ್ ತಟ್ಟೆಗೆ ಇನ್ನೊಂದು ತೊಂದರೆ ಇದೆ. ಅಕ್ಕನಿಗೆ ಅದನ್ನು ಪಾತ್ರೆ ತೊಳೆಯುವ ಸ್ಪಾಂಜಿನಲ್ಲಿ ತೋರಿಸಿದೆ. ಸ್ಪಾಂಜನ್ನು ಪೂರ್ತಿ ನೆನೆಸಿ ಅಡ್ಡವಾಗಿ ಹಿಡಿಯಿರಿ. ನೀರು ಸೋರಿ ಸೋರಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ಸೋರಲು ಶುರು! ಸ್ಪಾಂಜ್ ಅದೇ, ಹಿಂಡಿಯೂ ಇಲ್ಲ. ಎತ್ತರ ಹೆಚ್ಚಾದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ. ಬೋನ್ಸಾಯ್ ತಟ್ಟೆ ಎರಡು ಮೂರು ಇಂಚು ಆಳ ಇರುವುದರಿಂದ ಅಡ್ಡ ಹಿಡಿದ ಸ್ಪಾಂಜಿನ ಹಾಗೆ. ತಳದಲ್ಲಿ ಜಲ್ಲಿ ಹಾಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಇಲ್ಲ, ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಬೇರಿಗೆ ಇರುವ ಜಾಗ ಇನ್ನೂ ಕಡಿಮೆಯಾಗುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡುವುದು? ತಟ್ಟೆಯ ಒಂದು ಬದಿಗೆ ಎರಡು ಇಂಚು ಎತ್ತರದ ಮರದ ತುಂಡು ಕೊಟ್ಟು ಓರೆಯಾಗಿ ಇಡಿ. ತಗ್ಗಿನ ಕಡೆ ತೂತು ಇರುವಂತೆ ನೋಡಿಕೊಳ್ಳಿ. ನಿಂತ ನೀರು ಕಣ್ಣೆದುರೇ ಹರಿದು ಹೋಗುತ್ತದೆ. ತೋಟಕ್ಕೆ ಬಸಿಗಾಲುವೆ ತೆಗೆಯುವುದಿಲ್ಲವೇ, ಇದು ತಟ್ಟೆಯ ಬಸಿಗಾಲುವೆ. ಖರ್ಚಿಲ್ಲ, ಬೇರು ಮುಟ್ಟಬೇಕಾಗಿಲ್ಲ. ಮಳೆ ಬೀಳದ, ಬೆಳಕು ಗಾಳಿ ಇರುವ ಜಗಲಿಯಲ್ಲಿ ಇಡಿ. ಬೆಳಗಿನ ಬಿಸಿಲು ಬಿದ್ದರೆ ಒಳ್ಳೆಯದು. ಮೇಲೆ ಅಂಟು ಹಾಕಿ ಕೂರಿಸಿದ ಬಣ್ಣದ ಕಲ್ಲಿದ್ದರೆ ಕಿತ್ತು ಹಾಕಿ. ಪಾಚಿ ನೋಡಲು ಚೆಂದ, ಆದರೆ ಬುಡದ ಸುತ್ತ ಇರುವುದನ್ನು ತೆಗೆಯಿರಿ. ಅದು ತೇವವನ್ನು ಹಿಡಿದಿಡುತ್ತದೆ.

ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಗಡಿಯಾರ ನೋಡಬೇಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಒಂದೂವರೆ ಇಂಚು ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರಗೆ ತೆಗೆದಾಗ ಕಡ್ಡಿ ಒದ್ದೆಯಾಗಿದ್ದರೆ ಇವತ್ತು ನೀರು ಬೇಡ. ಹಾಸನ ದಾಟಿ ಅರಸೀಕೆರೆ ಕಡೆಯವರಿಗೆ ಬೇಸಿಗೆಯಲ್ಲಿ ಇದರ ಉಲ್ಟಾ ತೊಂದರೆ. ಒಮ್ಮೆ ಪೂರ್ತಿ ಒಣಗಿದ ಮಣ್ಣು ನೀರನ್ನೇ ಕುಡಿಯುವುದಿಲ್ಲ, ಅಂಚಿನಿಂದ ಸುಮ್ನೆ ಹರಿದುಹೋಗುತ್ತದೆ. ಆಗ ಕುಂಡವನ್ನು ಬಕೆಟ್ ನೀರಿನಲ್ಲಿ ಇಳಿಸಿ, ಗುಳ್ಳೆ ನಿಲ್ಲುವ ತನಕ ಬಿಟ್ಟು ಎತ್ತಿ.

ಮಣ್ಣನ್ನು ಮೂಸಿ ನೋಡುವುದನ್ನೂ ಕಲಿಯಿರಿ. ಮೊದಲ ಮಳೆಯ ವಾಸನೆ ಬಂದರೆ ಚಿಂತೆಯಿಲ್ಲ. ಚರಂಡಿ ವಾಸನೆ ಬಂದರೆ ಮಾತ್ರ ಗಿಡ ಹೊರತೆಗೆಯಬೇಕು. ಗಟ್ಟಿ ಬೇರನ್ನು ಬಿಟ್ಟು, ಕಪ್ಪಾಗಿ ಸಿಪ್ಪೆ ಸುಲಿದು ಬರುವ ಬೇರನ್ನು ಶುಚಿಯಾದ ಕತ್ತರಿಯಿಂದ ತೆಗೆಯಿರಿ. ಮತ್ತೆ ತಟ್ಟೆಗೆ ಹಾಕಬೇಡಿ. ಆಳವಾದ ಮಾಮೂಲಿ ಕುಂಡಕ್ಕೆ ಹಾಕಿ. ಇಟ್ಟಿಗೆ ಚೂರು, ದಪ್ಪ ಮರಳು ಸಾಕು. ಜರಡಿ ಹಿಡಿದು ಪುಡಿಯನ್ನೆಲ್ಲಾ ತೆಗೆದು, ಕಡಲೆಬೇಳೆ ಗಾತ್ರದ್ದನ್ನು ಉಳಿಸಿಕೊಳ್ಳಿ. ತೋಟದ ಕೆಂಪು ಮಣ್ಣು ಬೇಡವೇ ಬೇಡ, ಮೆತ್ತಿಕೊಳ್ಳುತ್ತದೆ. ಗಿಡ ಅಲುಗಾಡದಂತೆ ಕುಂಡಕ್ಕೆ ಕಟ್ಟಿ. ಅಲುಗಾಡಿದರೆ ಹೊಸ ಎಳೆಬೇರು ಮುರಿಯುತ್ತದೆ.

ನಾನು ಕಲಿಯುವ ಕಾಲಕ್ಕೆ ಹಳೇ ಗೋಡೆಯಲ್ಲಿ ಹುಟ್ಟಿದ್ದ ಒಂದು ಗೋಣಿ ಗಿಡ ತಂದಿದ್ದೆ. ಆರು ವರ್ಷ ಸಾಕಿದ್ದೆ. ಒಂದು ಮಳೆಗಾಲದಲ್ಲಿ ಎಲೆ ಉದುರಿತು ಅಂತ ಮೂರು ಸಲ ಮಣ್ಣು ಬದಲಾಯಿಸಿದೆ. ಅದು ಉಳಿಯಲಿಲ್ಲ. ಅದರ ಕಾಂಡ ಈಗಲೂ ನನ್ನ ಮೇಜಿನ ಮೇಲಿದೆ. ಎಲೆ ಉದುರಿಸಿದ ಫೈಕಸ್ ಸತ್ತಿದೆ ಅಂತಲ್ಲ. ಜಾಗ ಬದಲಾದರೂ ಸಾಕು, ಅದು ಎಲೆ ಉದುರಿಸುತ್ತದೆ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಮತ್ತೆ ಚಿಗುರುತ್ತದೆ. ಆ ಗಂಟನ್ನು ನಾವು ಖರ್ಚು ಮಾಡಿಸಬಾರದು. ಉಳಿದ ಎಲೆಗಳೇ ಅದರ ಅಡುಗೆಮನೆ, ಒಂದನ್ನೂ ಕತ್ತರಿಸಬೇಡಿ. ಗೊಬ್ಬರದ ಉಪ್ಪು ಪೆಟ್ಟಾದ ಬೇರನ್ನು ಇನ್ನೂ ಸುಡುತ್ತದೆ. ಕಟ್ಟಿದ ತಂತಿ ತೊಗಟೆಗೆ ಕಚ್ಚಿದ್ದರೆ ಬಿಚ್ಚಲು ಹೋಗಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಇರುವೆ ಸಾಲು ಹತ್ತುತ್ತಿದ್ದರೆ ಎಲೆಯಡಿ ಹಿಟ್ಟು ತಿಗಣೆ ಇದೆಯಾ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಅಕ್ಕನ ಗಿಡಕ್ಕೆ ನಾನು ಮಾಡಿದ್ದು ಕಲ್ಲು ಕಿತ್ತದ್ದು, ಮರದ ತುಂಡು ಕೊಟ್ಟದ್ದು, ಅಷ್ಟೇ. ಟಾನಿಕ್ ಕೊಡಲಿಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರಾಗಿತ್ತು. ಗೌರಿ ಹಬ್ಬದ ಹೊತ್ತಿಗೆ ಫೋನ್ ಮಾಡಿದರು. "ತುದಿಯಲ್ಲಿ ಸೂಜಿ ಥರ ಹಸಿರು ಸುಳಿ ಬಂದಿದೆ ಸರ್, ಐದು ಕಡೆ! ಈಗ ಗೊಬ್ಬರ ಹಾಕ್ಲಾ?"

"ಇನ್ನೂ ಬೇಡ ಅಕ್ಕ. ಈ ಎಲೆ ಬಲಿತು, ಎರಡನೇ ಸಲ ಚಿಗುರು ಬರಲಿ. ಆಗಲೂ ಚೀಟಿಯಲ್ಲಿ ಹೇಳಿದ್ದರ ಅರ್ಧ ಹಾಕಿದ್ರೆ ಸಾಕು" ಅಂದೆ.